ಹತ್ತುವ ಮೊದಲು ಚೀಟಿ: ಪ್ಲೇಗ್ ಪಾಸ್‌ಪೋರ್ಟ್‌ನಿಂದ 72 ಗಂಟೆಯ ವರದಿಯವರೆಗೆ

(ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

  ಕೊಟ್ಟಿರೋದು ಇಪ್ಪತ್ತು ನಿಮಿಷ, ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ.

ನಾನು ಮಾತಾಡ್ತಿರೋದು ಒಂದು ಚೀಟಿಯ ಬಗ್ಗೆ. ಬಸ್ಸು, ರೈಲು, ಹಡಗು ಹತ್ತುವ ಮೊದಲು ನಮ್ಮ ಮೈಯ ಬಗ್ಗೆ ಸಾಕ್ಷಿ ಹೇಳುವ ಚೀಟಿ. 2021ರಲ್ಲಿ ಅದು ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿಯಾಗಿತ್ತು. 1890ರ ದಶಕದ ಕೊನೆಯಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅದಕ್ಕೆ ಪ್ಲೇಗ್ ಪಾಸ್‌ಪೋರ್ಟ್ ಅನ್ನೋ ಹೆಸರಿತ್ತು. ಈ ಎರಡರ ನಡುವೆ ಸುಮಾರು 120 ವರ್ಷ ಇದೆ. ಆದರೆ ಎರಡೂ ಒಂದೇ ಕಾಯ್ದೆಯ ನೆರಳಲ್ಲಿ ಹುಟ್ಟಿದವು, ಒಂದೇ ಗಡಿಯಲ್ಲಿ ಓಡಾಡಿದವು.

ಆ ಗಡಿ ನಮ್ಮದು. ನಮ್ಮೂರು ಕುಂದುರ್ಪಿ, ಅನಂತಪುರ ಜಿಲ್ಲೆ, ಕಲ್ಯಾಣದುರ್ಗದ ಕಡೆ. ಮನೇಲಿ ಕನ್ನಡ, ಬೀದೀಲಿ ತೆಲುಗು, ಸಂತೇಲಿ ಎರಡೂ. ಪಶ್ಚಿಮಕ್ಕೂ ದಕ್ಷಿಣಕ್ಕೂ ಹೊರಟರೆ ಬೇಗ ಕರ್ನಾಟಕ ಸಿಗುತ್ತೆ. ರಾಜ್ಯಗಳ ಗೆರೆ ಇತ್ತೀಚಿನದು, ಭಾಷೆ ಅದಕ್ಕಿಂತ ಬಹಳ ಹಳೆಯದು. ಮಡಕಶಿರಾ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಊರು, ಕನ್ನಡ ಶಾಸನಗಳ ಹೆಂಜೇರು. ನಮ್ಮ ಪಕ್ಕದ ಕಂಬದೂರು ಮಂಡಲದಲ್ಲಿ 1893ರಲ್ಲಿ ಹುಟ್ಟಿದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿಗೆ ಹೋಗಿ ಮಹಾರಾಜ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿದರು. ಓದಿಗೆ, ಕೂಲಿಗೆ, ಆಸ್ಪತ್ರೆಗೆ ಗಡಿ ದಾಟೋದು ನಮ್ಮ ಕಡೆ ವಿಶೇಷವೇನಲ್ಲ, ಅದು ಬದುಕಿನ ರೀತಿ. ಹಾಗಾಗಿ ಗಡಿಯಲ್ಲಿ ಒಂದು ಚೀಟಿ ಕೇಳಿದಾಗ ಅದು ಪ್ರವಾಸದ ತೊಂದರೆಯಾಗಿ ಉಳಿಯಲ್ಲ, ಬದುಕಿಗೇ ತಟ್ಟುತ್ತೆ.

ನನ್ನ ವಾದ ಎರಡು ಮಾತಲ್ಲಿದೆ. ಒಂದು, ಈ ಚೀಟಿಯನ್ನು ಕಂಡುಹಿಡಿದದ್ದು ಓಡಾಟ ನಿಲ್ಲಿಸೋದಕ್ಕಲ್ಲ, ಓಡಾಟ ನಡೆಯುತ್ತಲೇ ಇರಲಿ ಎಂದು. ಅದರ ಭಾರವನ್ನು ಮಾತ್ರ ಹೊತ್ತವರು ಮೂರನೇ ತರಗತಿಯ ಪ್ರಯಾಣಿಕರು. ಎರಡು, ಕನ್ನಡ ಸಾಹಿತ್ಯ ಪ್ಲೇಗನ್ನು ಊರಿನ ಕತೆಯಾಗಿ ಚೆನ್ನಾಗಿ ನೆನಪಿಟ್ಟಿದೆ, ಆದರೆ ಚೀಟಿ ಹಿಡಿದು ನಿಂತ ಪ್ರಯಾಣಿಕ ಆ ನೆನಪಿನಲ್ಲಿ ಕಾಣೋದಿಲ್ಲ.

1. ಕಾಯ್ದೆ ಮತ್ತು ಹಡಗು

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿ ಪ್ರದೇಶದಲ್ಲಿ ಪ್ಲೇಗ್ ಪತ್ತೆಯಾಯಿತು. ಮಾಂಡ್ವಿ ಬಂದರಿಗೆ ಹತ್ತಿರದ ಜಾಗ, ಧಾನ್ಯದ ಗೋದಾಮುಗಳ ಜಾಗ. ಮುಂಬಯಿ ಅಂದ್ರೆ ಬ್ರಿಟಿಷರ ವ್ಯಾಪಾರದ ಬಾಗಿಲು. ಆ ಬಾಗಿಲಿಗೆ ಬೇರೆ ದೇಶಗಳು ಬೀಗ ಹಾಕಿದರೆ ಹತ್ತಿ ಹೋಗಲ್ಲ, ಧಾನ್ಯ ಹೋಗಲ್ಲ, ಹಜ್ ಯಾತ್ರಿಕರ ಹಡಗೂ ಹೋಗಲ್ಲ. ಈ ಅವಸರದಲ್ಲೇ 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ನಾಲ್ಕೈದು ಸೆಕ್ಷನ್‌ಗಳ, ಒಂದು ಹಾಳೆಗೆ ಹಿಡಿಸುವಷ್ಟು ಚಿಕ್ಕ ಕಾಯ್ದೆ.

ಅದರಲ್ಲಿ ಎರಡು ಅಂಶ ಗಮನಿಸಿ. ರೈಲಿನಲ್ಲೋ ಬೇರೆ ರೀತಿಯಲ್ಲೋ ಪ್ರಯಾಣ ಮಾಡುವವರನ್ನು ತಪಾಸಣೆ ಮಾಡಬಹುದು, ಸೋಂಕಿನ ಅನುಮಾನ ಬಂದವರನ್ನು ಬೇರೆ ಇಡಬಹುದು ಅನ್ನೋದು ಒಂದು. ಬಂದರಿಗೆ ಬರುವ, ಬಂದರಿನಿಂದ ಹೊರಡುವ ಹಡಗನ್ನು ತಪಾಸಣೆ ಮಾಡಬಹುದು, ಹಡಗು ಹತ್ತಲು ಹೊರಟವರನ್ನೂ ತಡೆದು ನಿಲ್ಲಿಸಬಹುದು ಅನ್ನೋದು ಇನ್ನೊಂದು. ಗಮನಿಸಬೇಕಾದ್ದು 'ಹತ್ತಲು ಹೊರಟವರು' ಅನ್ನೋ ಮಾತು. ಇನ್ನೂ ಹತ್ತಿಲ್ಲ, ರೋಗವೂ ಕಂಡಿಲ್ಲ, ಆದರೂ ತಡೆಯಬಹುದು. ಹತ್ತುವ ಮೊದಲೇ ಪರೀಕ್ಷೆ ಅನ್ನೋ ಕಲ್ಪನೆಗೆ ಕಾನೂನಿನ ಬೇರು ಇಲ್ಲಿದೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಹೊರಡಿಸಿದ ಕೋವಿಡ್ ನಿಯಮಗಳು ಇದೇ 1897ರ ಕಾಯ್ದೆಯ ಕೆಳಗೆ ಬಂದವು.

ಚೀಟಿ ಮನುಷ್ಯನಿಗೆ ಮಾತ್ರವಲ್ಲ, ಹಡಗಿಗೂ ಇತ್ತು. ಬಂದರಿನಲ್ಲಿ ರೋಗವಿಲ್ಲ, ಹಡಗಿನಲ್ಲೂ ಇಲ್ಲ ಎಂದು ಇಡೀ ಹಡಗಿಗೆ ಒಂದು ಪ್ರಮಾಣಪತ್ರ ಕೊಡ್ತಿದ್ದರು. ಆದರೆ ಪತ್ರ ಇದ್ದರೂ ಸಾಕಾಗ್ತಿರಲಿಲ್ಲ. 1896ರ ಡಿಸೆಂಬರ್‌ನಲ್ಲಿ ಕೋರ್‌ಲ್ಯಾಂಡ್ ಮತ್ತು ನಾದೇರಿ ಅನ್ನೋ ಎರಡು ಹಡಗು ಸುಮಾರು 800 ಜನರನ್ನು ಹೊತ್ತು ಮುಂಬಯಿ ಕಡೆಯಿಂದ ಡರ್ಬನ್ ತಲುಪಿದವು. ಮೊದಲನೆಯದರಲ್ಲಿ ಗಾಂಧಿಯವರೂ ಅವರ ಕುಟುಂಬವೂ ಇದ್ದರು. ಹಡಗಿನಲ್ಲಿ ಪ್ಲೇಗ್ ಇರಲಿಲ್ಲ. ಆದರೂ ಮುಂಬಯಿ ಬಿಟ್ಟು 23 ದಿನ ಆಗೋವರೆಗೆ ಕಾಯಬೇಕು ಎಂದರು, ಆಮೇಲೆ ಆ ಅವಧಿ ಬೆಳೀತಾ ಹೋಯ್ತು. ಕೊನೆಗೆ ಇಳಿದದ್ದು 1897ರ ಜನವರಿ 13ಕ್ಕೆ. ಭಾರತೀಯರು ಬಂದು ನೆಲೆಸೋದು ಬೇಡ ಅನ್ನೋ ಬಿಳಿಯರ ಚಳವಳಿ ದಡದಲ್ಲಿ ನಡೀತಿತ್ತು. ಈ ದಿಗ್ಬಂಧನಕ್ಕೆ ಆರೋಗ್ಯದ ಆಚೆಗೂ ಕಾರಣ ಇತ್ತು ಎಂದು ಗಾಂಧಿ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ. ರೋಗದ ಲೆಕ್ಕದೊಳಗೆ ಜನರ ಲೆಕ್ಕ ಸೇರಿಕೊಂಡ ಉದಾಹರಣೆ ಇದು.

2. ರೈಲು: ಹಿಂದೂಪುರದ ದಾರಿ

ಹಡಗಿನಿಂದ ಈಗ ನಮ್ಮ ಬಯಲುಸೀಮೆಗೆ ಬರೋಣ. ಗುಂತಕಲ್ಲಿನಿಂದ ಧರ್ಮಾವರ, ಪೆನುಕೊಂಡ, ಹಿಂದೂಪುರದ ಮೇಲೆ ಬೆಂಗಳೂರಿಗೆ ಹೋಗುವ ರೈಲು ದಾರಿ 1890ರ ದಶಕದ ಆರಂಭದಲ್ಲಿ ಆಗಿತ್ತು. ಹಿಂದೂಪುರ ಮದ್ರಾಸ್ ಪ್ರಾಂತ್ಯ. ಅದನ್ನು ಬಿಟ್ಟು ಮುಂದೆ ಗೌರಿಬಿದನೂರಿಗೆ ಬಂದರೆ ಮೈಸೂರು ಸಂಸ್ಥಾನ. ಒಂದು ಕಡೆ ಬ್ರಿಟಿಷರ ನೇರ ಆಡಳಿತ, ಇನ್ನೊಂದು ಕಡೆ ತನ್ನದೇ ನಿಯಮ ಮಾಡಿಕೊಂಡ ಸಂಸ್ಥಾನ. ರೈಲು ಒಂದೇ, ಹಳಿ ಒಂದೇ, ಕಾನೂನು ಎರಡು.

1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಬಂತು, ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲೇ. ಆಗ ದಿವಾನರು ಕೆ. ಶೇಷಾದ್ರಿ ಅಯ್ಯರ್. ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡ ಕಾಲ ಅದು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಜನ ದಂಗೆ ಎದ್ದರು. ಪುಣೆಯಲ್ಲಿ ಅದಕ್ಕೂ ಒಂದು ವರ್ಷ ಮೊದಲು, 1897ರ ಜೂನ್‌ನಲ್ಲಿ, ಪ್ಲೇಗ್ ಅಧಿಕಾರಿ ರ‍್ಯಾಂಡ್ ಹತ್ಯೆ ಆಗಿತ್ತು. ಮನೆಗೆ ನುಗ್ಗಿ ಹುಡುಕೋದು, ಜನರನ್ನು ಎಳೆದುಕೊಂಡು ಹೋಗಿ ಶಿಬಿರದಲ್ಲಿ ಕೂಡಿಹಾಕೋದು ಎಷ್ಟು ಅಪಾಯ ಅನ್ನೋದು ಸರ್ಕಾರಗಳಿಗೆ ಅರ್ಥವಾಗತೊಡಗಿತ್ತು.

ಮದ್ರಾಸ್ ಪ್ರಾಂತ್ಯದ ಪಾಸ್‌ಪೋರ್ಟ್ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರೋಗದ ಊರಿನಿಂದ ರೈಲಿನಲ್ಲಿ ಬಂದವರನ್ನು ನಿಲ್ದಾಣದಲ್ಲಿ ತಪಾಸಣೆ ಮಾಡಿ, ರೋಗಲಕ್ಷಣ ಇಲ್ಲದಿದ್ದರೆ ಕೂಡಿಹಾಕದೆ ಒಂದು ಕಾಗದ ಕೊಟ್ಟು ಬಿಡ್ತಿದ್ದರು. ಹೆಸರು, ಎಲ್ಲಿಂದ ಬಂದರು, ಎಲ್ಲಿಗೆ ಹೋಗ್ತಾರೆ ಅನ್ನೋದು ದಾಖಲು. ಊರು ಮುಟ್ಟಿದ ಮೇಲೆ ಹತ್ತು ದಿನ ಅಲ್ಲಿನ ಅಧಿಕಾರಿಯ ಮುಂದೆ ಹಾಜರಾಗಿ ಮೈ ತೋರಿಸಬೇಕು. ಟಿ.ಆರ್. ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗ ಈ ಪದ್ಧತಿಯನ್ನು ಮೆಚ್ಚಿಕೊಂಡಿತು. ಕಾರಣ ಸರಳ: ರೈಲು ನಿಲ್ಲಲ್ಲ, ಶಿಬಿರದ ಖರ್ಚಿಲ್ಲ, ಗಲಾಟೆ ಕಡಿಮೆ.

2021ರ ವರದಿಗೂ ಆ ಪಾಸ್‌ಪೋರ್ಟಿಗೂ ಒಂದು ವ್ಯತ್ಯಾಸ ಇದೆ. 72 ಗಂಟೆಯ ವರದಿ "ಇವರಿಗೆ ರೋಗ ಇರಲಿಲ್ಲ" ಅಂತ ಹಿಂದಿನ ಮಾತು ಹೇಳ್ತಿತ್ತು. ಪ್ಲೇಗ್ ಪಾಸ್‌ಪೋರ್ಟ್ "ಇವರ ಮೇಲೆ ಕಣ್ಣಿಡಿ" ಅಂತ ಮುಂದಿನ ಮಾತು ಹೇಳ್ತಿತ್ತು. ಮೊದಲನೆಯದು ಬಾಗಿಲು ತೆರೆಯುವ ಚೀಟಿ, ಎರಡನೆಯದು ಬೆನ್ನ ಹಿಂದೆ ಬರುವ ಚೀಟಿ.

ಇಲ್ಲಿ ವಿಜ್ಞಾನದ ಒಂದು ಮಾತು ಹೇಳಲೇಬೇಕು. ಪ್ಲೇಗ್ ರೋಗಾಣುವನ್ನು ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ 1894ರಲ್ಲೇ ಗುರುತಿಸಿದ್ದರು. ಆದರೆ ಅದನ್ನು ಸಾಗಿಸೋದು ಇಲಿಯ ಮೈಮೇಲಿನ ಚಿಗಟ ಅನ್ನೋದನ್ನು ಸೈಮಂಡ್ ಹೇಳಿದ್ದು 1898ರಲ್ಲಿ, ಅದನ್ನು ಎಲ್ಲರೂ ಒಪ್ಪೋಕೆ ಇನ್ನೂ ಎಂಟು ಹತ್ತು ವರ್ಷ ಹಿಡೀತು. ಅಂದ್ರೆ, ನಿಲ್ದಾಣದಲ್ಲಿ ಕೂಲಿಯವರ ಕಂಕುಳು, ತೊಡೆಸಂದು ಮುಟ್ಟಿ ಗೆಡ್ಡೆ ಹುಡುಕ್ತಿದ್ದ ಹೊತ್ತಿನಲ್ಲಿ, ಅದೇ ಹಳಿಯ ಮೇಲೆ ಸರಕಿನ ಗಾಡಿಗಳಲ್ಲಿ ಇಲಿ, ಚಿಗಟ ಎರಡೂ ಯಾವ ಪಾಸ್‌ಪೋರ್ಟೂ ಇಲ್ಲದೆ ಹೋಗ್ತಿದ್ದವು. ಹಿಂದೂಪುರ ಅಂದ್ರೆ ಬೆಲ್ಲದ ಮಂಡಿ, ಹುಣಸೆ ಮಂಡಿಯ ಊರು. ಸರಕು ನಿಂತರೆ ಊರೇ ನಿಂತ ಹಾಗೆ. 2020ರಲ್ಲೂ ಸರಕಿನ ಲಾರಿಗಳಿಗೆ ರಿಯಾಯಿತಿ ಇತ್ತು. ಅದು ತಪ್ಪು ಅಂತ ನಾನು ಹೇಳ್ತಿಲ್ಲ, ಲಾರಿ ಬರದಿದ್ದರೆ ನಾವೇ ಉಪವಾಸ. ಆದರೆ ಯಾವುದಕ್ಕೆ ಚೀಟಿ ಬೇಕು, ಯಾವುದಕ್ಕೆ ಬೇಡ ಅನ್ನೋ ತೀರ್ಮಾನವನ್ನು ರೋಗ ಒಂದೇ ಮಾಡಲ್ಲ.

3. ಯಾರ ಮೈ, ಯಾವ ತರಗತಿ

ತಪಾಸಣೆಯ ಚಿತ್ರ ಹೀಗಿತ್ತು: ಮೂರನೇ ತರಗತಿಯವರನ್ನು ಪ್ಲಾಟ್‌ಫಾರ್ಮಿನಲ್ಲಿ ಇಳಿಸಿ ಸಾಲು ನಿಲ್ಲಿಸೋದು, ಮೇಲಿನ ತರಗತಿಯವರನ್ನು ಡಬ್ಬಿಯಲ್ಲೇ ನೋಡಿ ಬಿಡೋದು. ಹೆಂಗಸರ ಮೈಯನ್ನು ಪರಗಂಡಸರು ಮುಟ್ಟುವ ಪ್ರಶ್ನೆ ಎಲ್ಲ ಕಡೆ ಸಿಟ್ಟು ತರಿಸಿತು.

1915ರಲ್ಲೂ ಈ ಪದ್ಧತಿ ಬದುಕಿತ್ತು. ದಕ್ಷಿಣ ಆಫ್ರಿಕಾದಿಂದ ಬಂದ ಗಾಂಧಿ ಕಾಠಿಯಾವಾಡದ ಕಡೆ ಮೂರನೇ ತರಗತಿಯಲ್ಲಿ ಹೋಗ್ತಿದ್ದಾಗ ಪ್ಲೇಗ್ ತಪಾಸಣೆ ನಡೀತಿತ್ತು. ಅವರಿಗೆ ಸ್ವಲ್ಪ ಜ್ವರ. ತಪಾಸಣಾಧಿಕಾರಿ ಹೆಸರು ಬರೆದುಕೊಂಡು, ರಾಜಕೋಟೆಯ ವೈದ್ಯಾಧಿಕಾರಿ ಮುಂದೆ ಹಾಜರಾಗಿ ಎಂದ. ತಪಾಸಣೆ ಮೂರನೇ ತರಗತಿಯವರಿಗೆ ಅನ್ನೋದನ್ನು ಅವರೇ ದಾಖಲಿಸಿದ್ದಾರೆ. ಹೀಗಿದ್ದರೂ ಅವರು ಹೋಗಿ ಹಾಜರಾದರು. ನಿಯಮವನ್ನು ಪಾಲಿಸೋದೂ, ಆ ನಿಯಮ ಯಾರ ಮೇಲೆ ಬೀಳುತ್ತೆ ಅಂತ ನೋಡೋದೂ ಒಟ್ಟಿಗೇ ಸಾಧ್ಯ ಅನ್ನೋದಕ್ಕೆ ಇದು ಒಳ್ಳೆಯ ಉದಾಹರಣೆ.

ಈಗ ಇದೇ ತರಗತಿಯ ಪ್ರಶ್ನೆಯನ್ನು ನಮ್ಮ ಕಾಲದ ಹಡಗಿಗೆ ಕೇಳೋಣ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ನಿಲ್ಲಿಸಿದ ಡೈಮಂಡ್ ಪ್ರಿನ್ಸೆಸ್ ಕ್ರೂಸ್ ಹಡಗಿನಲ್ಲಿ 3,711 ಜನ ಇದ್ದರು, 712 ಜನರಿಗೆ ಸೋಂಕು ತಗುಲಿತು. ಪ್ರಯಾಣಿಕರು ತಮ್ಮ ತಮ್ಮ ಕೋಣೆಯಲ್ಲಿ ಪ್ರತ್ಯೇಕವಾಗಿದ್ದರು. ಸಿಬ್ಬಂದಿ ಕೋಣೆ ಹಂಚಿಕೊಂಡು ಮಲಗಿ, ಎದ್ದು, ಆ ಪ್ರಯಾಣಿಕರ ಬಾಗಿಲಿಗೆ ಊಟ ಒಯ್ಯುತ್ತಿದ್ದರು. ಅದರಲ್ಲಿದ್ದ 138 ಭಾರತೀಯರಲ್ಲಿ 132 ಜನ ಸಿಬ್ಬಂದಿ, 6 ಜನ ಮಾತ್ರ ಪ್ರಯಾಣಿಕರು.

ಈ ಅನುಭವದ ನಂತರವೇ ಕ್ರೂಸ್‌ಗಳಲ್ಲಿ ಹತ್ತುವ ಮೊದಲು ಪರೀಕ್ಷೆ ಅನ್ನೋ ಷರತ್ತು ಗಟ್ಟಿಯಾಯಿತು. ಅಮೆರಿಕದಲ್ಲಿ 2021ರ ಸೆಪ್ಟೆಂಬರ್‌ನಿಂದ ಲಸಿಕೆ ಹಾಕಿಸಿಕೊಂಡವರೂ ಹತ್ತುವ ಮುನ್ನ ಎರಡು ದಿನದೊಳಗಿನ ವರದಿ ತರಬೇಕಿತ್ತು. ಆದರೆ ಚೀಟಿಗೆ ಮಿತಿ ಇದೆ. 2022ರ ಜನವರಿ ಮೊದಲ ವಾರ ಮುಂಬಯಿಯಿಂದ ಗೋವಾಕ್ಕೆ ಬಂದ ಕಾರ್ಡೇಲಿಯಾ ಹಡಗಿನಲ್ಲಿ ಸುಮಾರು 2,000 ಜನರನ್ನು ಪರೀಕ್ಷಿಸಿದಾಗ 66 ಜನರಿಗೆ ಸೋಂಕು ಸಿಕ್ಕಿತು. ಹಡಗು ಮುಂಬಯಿಗೆ ವಾಪಸ್. ವೈರಾಣು ಮೈಗೆ ಹೊಕ್ಕಿದ ದಿನವೇ ಪರೀಕ್ಷೆಯಲ್ಲಿ ಕಾಣಲ್ಲ, ಕೆಲವು ದಿನ ಬೇಕು. ಹಾಗಾಗಿ ಇವತ್ತಿನ ನೆಗೆಟಿವ್ ನಾಳೆಗೆ ಖಾತರಿ ಅಲ್ಲ. ಆದರೂ ಅಲ್ಲಿ ಚೀಟಿ ಟಿಕೆಟ್ಟಿನ ಖರ್ಚಿನಲ್ಲಿ ಸೇರಿಹೋಗ್ತಿತ್ತು, ರಜೆಗೆ ಹೊರಟವರಿಗೆ ಅದು ಇನ್ನೊಂದು ಕಾಗದವಾಗಿತ್ತು. ದಿನಾ ಗಡಿ ದಾಟುವವರಿಗೆ ಅದು ಏನಾಗಿತ್ತು?

4. 72 ಗಂಟೆ

2021ರ ಏಪ್ರಿಲ್ 1ರಿಂದ ಹೊರರಾಜ್ಯಗಳಿಂದ ಬೆಂಗಳೂರಿಗೆ ಬರುವವರಿಗೆ ನೆಗೆಟಿವ್ ವರದಿ ಕಡ್ಡಾಯ ಎಂದರು. ಹಿಂದೂಪುರದವರಿಗೆ ಬೆಂಗಳೂರು ಹೊರರಾಜ್ಯ ಅನ್ನಿಸೋದೇ ಇಲ್ಲ, ಬೆಳಗ್ಗೆ ಹೋಗಿ ಸಂಜೆ ಬರುವ ಊರು. ಆದರೆ ಕಾಗದದ ಮೇಲೆ ಅದು ಹೊರರಾಜ್ಯವೇ. ನಮ್ಮ ಕಡೆ ಸರ್ಕಾರಿ ಪರೀಕ್ಷೆ ಉಚಿತವಾಗಿತ್ತು ನಿಜ. ಆದರೆ ಮಾದರಿ ದೂರದ ಪ್ರಯೋಗಾಲಯಕ್ಕೆ ಹೋಗಿ, ಫಲಿತಾಂಶ ಫೋನಿಗೆ ಬರೋ ಹೊತ್ತಿಗೆ 72 ಗಂಟೆಯಲ್ಲಿ ಎಷ್ಟು ಉಳಿದಿರುತ್ತೆ? ಬೇಗ ಬೇಕಾದರೆ ಖಾಸಗಿ. ಕರ್ನಾಟಕ 2020ರ ಡಿಸೆಂಬರ್‌ನಲ್ಲಿ ಖಾಸಗಿ ಪ್ರಯೋಗಾಲಯದ ದರವನ್ನು 800 ರೂಪಾಯಿಗೆ ಇಳಿಸಿತ್ತು. 2021-22ರಲ್ಲಿ ಆಂಧ್ರದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 245 ರೂಪಾಯಿ. ಮೂರು ದಿನದ ಕೂಲಿಗಿಂತ ಹೆಚ್ಚು ಹಣ, ಮೂರು ದಿನ ಬಾಳುವ ಒಂದು ಚೀಟಿಗೆ!

ನಮಗಿಂತ ಹೆಚ್ಚು ಅನುಭವಿಸಿದವರು ಕಾಸರಗೋಡಿನ ಕನ್ನಡಿಗರು. ಅವರ ಕಾಲೇಜು, ಆಸ್ಪತ್ರೆ, ಪೇಟೆ ಎಲ್ಲ ಮಂಗಳೂರು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ಆಂಬುಲೆನ್ಸ್ ಕೂಡ ನಿಂತವು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ ಮೊದಲ ವಾರದಲ್ಲಿ ಎರಡೂ ರಾಜ್ಯ ರೋಗಿಗಳನ್ನು ಬಿಡುವ ಒಪ್ಪಂದಕ್ಕೆ ಬಂದವು.

ಆಮೇಲೆ 2021ರ ಜುಲೈ 31ರ ಕರ್ನಾಟಕದ ಸುತ್ತೋಲೆ. ಕೇರಳ, ಮಹಾರಾಷ್ಟ್ರದಿಂದ ಬರುವವರು ಎರಡು ಡೋಸ್ ಲಸಿಕೆ ಪಡೆದಿದ್ದರೂ 72 ಗಂಟೆಯೊಳಗಿನ ವರದಿ ತರಬೇಕು. ವಿಮಾನ ಕಂಪನಿ ವರದಿ ನೋಡಿಯೇ ಬೋರ್ಡಿಂಗ್ ಪಾಸ್ ಕೊಡಬೇಕು, ಬಸ್ಸಿನಲ್ಲಿ ಕಂಡಕ್ಟರ್ ನೋಡಬೇಕು. 1897ರ 'ಹತ್ತಲು ಹೊರಟವರು' ಇಲ್ಲಿ ಕಂಡಕ್ಟರ್ ಕೈಗೆ ಬಂದರು. ದಿನಾ ಬಂದು ಹೋಗುವ ವಿದ್ಯಾರ್ಥಿಗಳು, ಕೆಲಸಗಾರರು 15 ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ವಿನಾಯಿತಿ ಇದ್ದದ್ದು ಸಾಂವಿಧಾನಿಕ ಹುದ್ದೆಯವರಿಗೆ, ಆರೋಗ್ಯ ಸಿಬ್ಬಂದಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ. ಮನೆಯಲ್ಲಿ ಸಾವು ಅಥವಾ ತುರ್ತು ಚಿಕಿತ್ಸೆ ಇದ್ದವರಿಗೆ ಗಡಿಯಲ್ಲೇ ಮಾದರಿ ತೆಗೆದುಕೊಂಡು ಬಿಡುವ ಅವಕಾಶ. ಈ ಕೊನೆಯ ಸಾಲಿನಲ್ಲಿ ಮನುಷ್ಯತ್ವ ಇದೆ, ಅದನ್ನು ಒಪ್ಪಬೇಕು. 15 ದಿನದ ನಿಯಮದಲ್ಲೂ ದಿನಾ ದಾಟುವವರು ಅಂತ ಒಂದು ಜನವರ್ಗ ಇದೆ ಅನ್ನೋ ಅರಿವು ಇದೆ. ಆದರೆ ಆ ಜನವರ್ಗ ಏನು ಭಾಷೆ ಆಡುತ್ತೆ, ಯಾಕೆ ದಾಟುತ್ತೆ ಅನ್ನೋದು ಸುತ್ತೋಲೆಗೆ ಬೇಕಿರಲಿಲ್ಲ. ಅದನ್ನು ಹೇಳಬೇಕಾದ್ದು ನಮ್ಮ ವಿಭಾಗ, ಕನ್ನಡ ವಿಭಾಗ.

5. ಕಾದಂಬರಿಯಲ್ಲಿ ಇಲ್ಲದ ಪ್ರಯಾಣಿಕ

ಭೈರಪ್ಪನವರ 'ಗೃಹಭಂಗ'ದಲ್ಲಿ (1970) ಪ್ಲೇಗ್ ಅಂದ್ರೆ ಊರು ಖಾಲಿ ಮಾಡಿ ಹೊಲದ ಕಡೆ ಗುಡಿಸಲು ಹಾಕೋದು, ಮಕ್ಕಳು ಒಬ್ಬರ ಹಿಂದೆ ಒಬ್ಬರು ಹೋಗೋದು, ಕೊನೆಗೆ ನಂಜಮ್ಮನೂ ಹೋಗೋದು. ಇಲಿ ಬಿತ್ತು ಅಂದ ತಕ್ಷಣ ಊರು ಬಿಡೋ ಜ್ಞಾನ ಜನರಿಗೆ ಇತ್ತು, ಆಯೋಗಗಳಿಗಿಂತ ಮೊದಲೇ ಇತ್ತು. ಇದು ಊರಿನ ಪ್ಲೇಗ್.

ಅನಂತಮೂರ್ತಿಯವರ 'ಸಂಸ್ಕಾರ' (1965) ಬೇರೆ ರೀತಿ. ಅಲ್ಲಿ ರೋಗ ಪ್ರಯಾಣ ಮಾಡುತ್ತೆ. ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಜ್ವರ ಹೊತ್ತು ಬಂದು ಸಾಯ್ತಾನೆ. ಕೊನೆಯ ಭಾಗದಲ್ಲಿ ಪ್ರಾಣೇಶಾಚಾರ್ಯರು ಪ್ಲೇಗಿನ ಅಗ್ರಹಾರದಿಂದ ಹೊರಟು, ಕಾಡು ದಾಟಿ, ಪುಟ್ಟನ ಜೊತೆ ಮೇಳಿಗೆಯ ಜಾತ್ರೆಗೆ ಬಂದು, ಸಾವಿರ ಜನರ ನಡುವೆ ಓಡಾಡಿ, ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರ್ತಾರೆ. ಈ ಭಾಗವನ್ನು ನಾವು ಧರ್ಮಸಂಕಟ ಎಂದು ಪಾಠ ಕೇಳಿದ್ದೀವಿ. ಒಮ್ಮೆ ತಪಾಸಣೆಯ ಕಣ್ಣಿನಿಂದ ಓದಿ ನೋಡಿ. ರೋಗದ ಊರಿನಿಂದ ಬಂದ ಒಬ್ಬ ಮನುಷ್ಯ ಜಾತ್ರೆಗೆ ಬಂದಿದ್ದಾನೆ, ಯಾರೂ ಅವನ ಕಂಕುಳು ಮುಟ್ಟಿ ನೋಡಲ್ಲ, ಯಾರೂ ಚೀಟಿ ಕೇಳಲ್ಲ. ಆದರೆ ಅವನಿಗೆ ಸಿಕ್ಕಿಬೀಳುವ ಭಯ ಇದ್ದೇ ಇದೆ. ಆ ಭಯ ಸೂತಕದ್ದು, ಗುರುತಿನದ್ದು. ಮೈಯಲ್ಲಿ ರೋಗ ಇದ್ದೀತು ಅನ್ನೋದಕ್ಕಿಂತ ಮೈಲಿಗೆ ಇದೆ ಅನ್ನೋದು ಅವನನ್ನು ಹಿಂಸಿಸುತ್ತೆ. ಅಲ್ಲಿ ಚೆಕ್‌ಪೋಸ್ಟ್ ಪಂಕ್ತಿಯಲ್ಲಿದೆ.

ಈ ಓದು ನನಗೆ ಮುಖ್ಯ ಅನ್ನಿಸೋದು ಯಾಕಂದ್ರೆ, ನಮ್ಮ ಸಮಾಜಕ್ಕೆ 1897ಕ್ಕಿಂತ ಮೊದಲೇ ಒಂದು ಚೀಟಿ ವ್ಯವಸ್ಥೆ ಇತ್ತು. ಯಾವೂರು, ಯಾರ ಪೈಕಿ, ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು. ಕೋವಿಡ್ ಕಾಲದಲ್ಲಿ 'ಅಂತರ', 'ಮುಟ್ಟಬೇಡಿ' ಅನ್ನೋ ಮಾತುಗಳು ಅಷ್ಟು ಸುಲಭವಾಗಿ ನಾಲಿಗೆಗೆ ಬಂದದ್ದು ಇದರಿಂದಲೂ ಇರಬಹುದು. ಸರ್ಕಾರದ ಚೀಟಿ ಈ ಹಳೆಯ ಚೀಟಿಯನ್ನು ಅಳಿಸಲಿಲ್ಲ, ಅದರ ಮೇಲೆ ಇನ್ನೊಂದು ಮೊಹರು ಒತ್ತಿತು.

ನಿಲ್ದಾಣದ ಸಾಲಿನಲ್ಲಿ ನಿಂತ ಮೂರನೇ ತರಗತಿಯವರು ತಾವೇ ಬರೆದಿಟ್ಟ ಮಾತು ಬಹಳ ಅಪರೂಪ. 1898ರ ಕಡತಗಳಲ್ಲಿ ಸಿಗೋದು ತಪಾಸಣೆ ಮಾಡಿದವರ ಮಾತು. 2021ರದ್ದೂ ಹಾಗೇ ಆಗಬಾರದು ಅನ್ನೋದು ಈ ಪ್ರಬಂಧದ ಕಾಳಜಿ. 

ಸಂವಾದದಿಂದ

ಪ್ರಶ್ನೆ (ಅಧ್ಯಾಪಕರೊಬ್ಬರು): ಹಾಗಾದರೆ ಪರೀಕ್ಷೆಯೇ ಬೇಡ ಅನ್ನೋದು ನಿಮ್ಮ ನಿಲುವೇ?

ಉತ್ತರ: ಇಲ್ಲ ಸರ್. ಕೂಡಿಹಾಕೋದಕ್ಕಿಂತ ಪಾಸ್‌ಪೋರ್ಟ್ ಮೇಲು, ಗಡಿ ಮುಚ್ಚೋದಕ್ಕಿಂತ ಪರೀಕ್ಷೆ ಮೇಲು. ತಲಪಾಡಿಯ ಅನುಭವ ನೋಡಿದವರು ಯಾರೂ ಇದನ್ನು ಅಲ್ಲಗಳೆಯಲ್ಲ. ನಾನು ಕೇಳ್ತಿರೋದು ಚೀಟಿಯ ಖರ್ಚು, ಸಮಯ, ಅವಮಾನ ಇವನ್ನು ಯಾರು ಹೊರಬೇಕು ಅಂತ. ಗಡಿಯಲ್ಲೇ ಉಚಿತವಾಗಿ ಮಾದರಿ ತೆಗೆದು, ಜನರನ್ನು ಬಿಟ್ಟು, ಸೋಂಕು ಬಂದರೆ ಹಿಂದೆಯೇ ಹೋಗಿ ನೋಡಿಕೊಳ್ಳೋದು ಸಾಧ್ಯ ಇತ್ತು. ಸಾವಿನ ಮನೆಗೆ ಹೊರಟವರಿಗೆ ಅದನ್ನೇ ಮಾಡಿದರಲ್ಲ.

ಪ್ರಶ್ನೆ (ಸಹಪಾಠಿ): ಕ್ರೂಸ್ ಹಡಗು ಎಲ್ಲಿ, ಕುಂದುರ್ಪಿ ಎಲ್ಲಿ? ಹೋಲಿಕೆ ದೂರದ್ದಾಯಿತು ಅನ್ನಿಸಲ್ವಾ?

ಉತ್ತರ: ಕಾಯ್ದೆ ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟಿದೆ. ಆ ಹಡಗಿನಲ್ಲಿ ಪಾತ್ರೆ ತೊಳೆಯುವವರು, ಊಟ ಒಯ್ಯುವವರು ನಮ್ಮಂಥ ಊರುಗಳಿಂದಲೇ ಹೋಗ್ತಾರೆ. ವಿಹಾರಕ್ಕೆ ಹೋದವರ ಚೀಟಿ ಮತ್ತು ಕೆಲಸಕ್ಕೆ ಹೋದವರ ಚೀಟಿ ಒಂದೇ ಬೆಲೆಯದ್ದಲ್ಲ ಅನ್ನೋದನ್ನು ಅಷ್ಟು ಚಿಕ್ಕ ಜಾಗದಲ್ಲಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಗಲಿಲ್ಲ.

ಪ್ರಶ್ನೆ (ಅಧ್ಯಾಪಕರೊಬ್ಬರು): ಮುಂದೆ ಈ ಕೆಲಸವನ್ನು ಹೇಗೆ ಬೆಳೆಸಬಹುದು?

ಉತ್ತರ: ಹಳೆಯದಕ್ಕೆ ಚೆನ್ನೈನ ಮತ್ತು ಬೆಂಗಳೂರಿನ ರಾಜ್ಯ ಪತ್ರಾಗಾರಗಳನ್ನು ಒಟ್ಟಿಗೆ ನೋಡಬೇಕು, ಯಾಕಂದ್ರೆ ನಮ್ಮ ಗಡಿಯ ಅರ್ಧ ಕತೆ ಒಂದರಲ್ಲಿ, ಇನ್ನರ್ಧ ಇನ್ನೊಂದರಲ್ಲಿ. ಹೊಸದಕ್ಕೆ ಎಲ್ಲೂ ಹೋಗಬೇಕಾಗಿಲ್ಲ, ಅದು ನಮ್ಮ ಫೋನುಗಳಲ್ಲೇ ಇದೆ. ಸೇವಾ ಸಿಂಧು ಪಾಸು, ವರದಿಯ ಪಿಡಿಎಫ್, "ನಿಮ್ಮ ಮಾದರಿ ಸ್ವೀಕರಿಸಲಾಗಿದೆ" ಅನ್ನೋ ಸಂದೇಶ. ಫೋನ್ ಬದಲಾದರೆ ಇವೆಲ್ಲ ಹೋಗುತ್ತೆ. ಗಡಿ ತಾಲ್ಲೂಕುಗಳಿಂದ ಬಂದ ಗೆಳೆಯರು ದಯವಿಟ್ಟು ಅವನ್ನು ಅಳಿಸಬೇಡಿ. ಹೆಸರು, ನಂಬರು ಮುಚ್ಚಿ ಒಂದು ಪ್ರತಿ ತೆಗೆದಿಡಿ, ಅದರ ಕೆಳಗೆ ಯಾವ ದಿನ, ಯಾವ ಕೆಲಸಕ್ಕೆ, ಎಷ್ಟು ಹೊತ್ತು ನಿಂತಿರಿ ಅಂತ ಎರಡು ಸಾಲು ಬರೆಯಿರಿ. ಮನೆಯ ಹಿರಿಯರನ್ನು ಕೇಳಿ ಅವರದ್ದನ್ನೂ ಬರೆಸಿ, ಅವರು ಆಡಿದ ಮಾತಿನಲ್ಲೇ, ಕನ್ನಡ ತೆಲುಗು ಬೆರೆತಿದ್ದರೆ ಬೆರೆತ ಹಾಗೇ.